ಪಟೇಲರ ಅರ್ಧ ಟಿಕೆಟ್

ಕನ್ನಡ ಎಂ.ಎ. ಮಾಡುವುದೆಂದು ತೀರ್ಮಾನಿಸಲಿಕ್ಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದಕ್ಕೆ ಯಾವ ಬ್ಯಾಗ್ ಎಂದು ತೀರ್ಮಾನಿಸಲಿಕ್ಕೆ ಅರ್ಧ ಮಳೆಗಾಲ ಹಿಡಿಯಿತು. ಇದು ನನ್ನೊಬ್ಬಳ ಗುಣವಲ್ಲ, ನಮ್ಮ ಕಡೆಯವರದ್ದೇ ಗುಣ. ಚಾಲಿ ಅಡಿಕೆ ಈಗಲೇ ಕೊಡುವುದಾ, ಇನ್ನೆರಡು ತಿಂಗಳು ಇಡುವುದಾ ಎಂದು ವರ್ಷಗಟ್ಟಲೆ ಯೋಚಿಸುವವರು ಮಗಳ ಮದುವೆ ಮಾತುಕತೆಯನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿ ಬರುತ್ತಾರೆ.

ನಮ್ಮ ಮನೆ ಕಾಣಿಯೂರಿನ ಹತ್ತಿರ. ನಾನು ಹುಟ್ಟುವಾಗ ಅದು ಪುತ್ತೂರು ತಾಲೂಕು. 2018ರ ಹೊತ್ತಿಗೆ ಕಡಬ ತಾಲೂಕು ಶುರುವಾದಾಗ ನಾವು ಅಂಗಳ ದಾಟದೆಯೇ ಕಡಬದವರಾದೆವು. ಡಿಗ್ರಿ ಓದಿದ್ದು ಸುಳ್ಯದಲ್ಲಿ. ಹೀಗಾಗಿ ನನ್ನ ಫೈಲಿನಲ್ಲಿ ಹತ್ತನೆಯ ತರಗತಿ ಒಂದು ತಾಲೂಕಿನದ್ದು, ಪದವಿ ಇನ್ನೊಂದರದ್ದು, ಜಾತಿ-ಆದಾಯ ಪ್ರಮಾಣಪತ್ರ ಮತ್ತೊಂದರದ್ದು. ಕಾಗದ ನೋಡಿದವರು ಇವಳು ಎಲ್ಲೂ ನೆಲೆ ನಿಲ್ಲದವಳು ಅಂದುಕೊಳ್ಳಬೇಕು. ಸಾಮಾನು ತರಬೇಕಾದರೆ ಮಾತ್ರ ಮೂರು ತಾಲೂಕಿನವರಿಗೂ ಪುತ್ತೂರೇ.

ಸೀಟು ಸಿಕ್ಕಿತೆಂದು ಗೊತ್ತಾದ ಮೇಲೆ ಮನೆಗೆ ಬಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಕನ್ನಡ ಎಂ.ಎ. ಮಾಡಿ ಎಂತ ಮಾಡುವುದು?" ಬಿ.ಕಾಂ. ಮಾಡಿ ಎಂತ ಮಾಡುವುದು ಎಂದು ಇವರು ಯಾರನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ದೊಡ್ಡಪ್ಪನದ್ದು ಇನ್ನೂ ಒಂದು ಹೆಜ್ಜೆ ಮುಂದೆ. "ಕಾರಂತರು ಎಂ.ಎ. ಮಾಡಿದ್ದಾ? ಗಾಂಧೀಜಿ ಕರೆದ್ರು ಅಂತ ಕಾಲೇಜೇ ಬಿಟ್ರು. ಇಲ್ಲೇ ಪುತ್ತೂರಲ್ಲಿ ಕೂತು ಬರೆದ್ರು. 1977ರ ಜ್ಞಾನಪೀಠ ಬರಲಿಲ್ವಾ?" ಕಾರಂತರ ಬಾಲವನದ ಊರಿನಲ್ಲಿ ಓದದೆ ಇರಲಿಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಸಿಗುವುದು ಕಷ್ಟ. ಅಂತೂ ನಾನು ಎಂ.ಎ. ಮಾಡದಿದ್ದರೆ ಜ್ಞಾನಪೀಠ ಖಂಡಿತ ಎಂಬಲ್ಲಿಗೆ ಮಾತು ಮುಟ್ಟಿ, ಎಲ್ಲರೂ ಕಾಫಿ ಕುಡಿದು ಎದ್ದರು.

ಇನ್ನು ಬ್ಯಾಗ್. ಚಿಕ್ಕಪ್ಪ ಗಲ್ಫಿನಿಂದ ತಂದಿದ್ದ ಚಕ್ರದ ಸೂಟ್‌ಕೇಸು ಅಟ್ಟದಲ್ಲಿತ್ತು. ಅಣ್ಣ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಏರ್‌ಬ್ಯಾಗ್ ಇತ್ತು. ತಂಗೀಸು ಚೀಲಗಳಂತೂ ಬೇಕಾದಷ್ಟು. ಸೂಟ್‌ಕೇಸನ್ನೇ ಒಯ್ಯಲು ಅಪ್ಪ ಹೇಳಿದರು. ನಾನು ಅವರಿಗೆ ವಿಶ್ವವಿದ್ಯಾನಿಲಯದ ಚರಿತ್ರೆ ಹೇಳಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಮೈಸೂರಿನವರಿಗೆ ಮಾನಸಗಂಗೋತ್ರಿ ಇದ್ದರೆ ನಮಗೆ ಕೊಣಾಜೆಯ ಗುಡ್ಡದ ಮೇಲೆ ಮಂಗಳಗಂಗೋತ್ರಿ. ಎಸ್.ವಿ. ಪರಮೇಶ್ವರ ಭಟ್ಟರು ಕನ್ನಡ ವಿಭಾಗ ಕಟ್ಟಿದ್ದು ಅಲ್ಲೇ, ಈಗ ಕನ್ನಡ ಅಧ್ಯಯನ ಸಂಸ್ಥೆಗೆ ಅವರದ್ದೇ ಹೆಸರು. ಇಷ್ಟು ಹೇಳಿ, "ಗುಡ್ಡ ಅಂದರೆ ಮುರಕಲ್ಲಿನ ಗುಡ್ಡ ಅಪ್ಪಾ, ಚಕ್ರ ಉರುಳುವುದಿಲ್ಲ" ಎಂದೆ. ಅಪ್ಪ ಮದ್ದು ಬಿಡಲಿಕ್ಕೆ ಮೈಲುತುತ್ತು ಕದಡುತ್ತಿದ್ದವರು ಕೋಲು ನಿಲ್ಲಿಸಿ, "ಚಕ್ರ ಉರುಳುವುದಿಲ್ಲ ಅಂತ ಹೇಳಲಿಕ್ಕೆ ಮೈಸೂರಿಗೆ ಯಾಕೆ ಹೋದೆ?" ಎಂದರು.

ಕೊನೆಗೆ ಪುತ್ತೂರಿಗೆ ಹೋಗಿ ಬೆನ್ನಿಗೆ ಹಾಕುವ ಹೊಸ ಬ್ಯಾಗೇ ತಂದೆ. ಅಂಗಡಿಯವರಿಗೆ ನಾನು ಹಾಕಿದ ಪ್ರಶ್ನೆಗಳನ್ನು ವಿಭಾಗದ ಸಂದರ್ಶನದಲ್ಲಿ ಯಾರಾದರೂ ನನಗೆ ಹಾಕಿದ್ದರೆ ನಾನು ಅಲ್ಲೇ ಅಳುತ್ತಿದ್ದೆ. ಝಿಪ್ಪು ಎಷ್ಟು ವರ್ಷ ಬರುತ್ತದೆ, ಹೊಲಿಗೆ ಒಂಟಿಯಾ ಜೋಡಿಯಾ, ಮಳೆಗೆ ಹಾಕುವ ಕವರು ಒಳಗಿನಿಂದಲೂ ಒದ್ದೆಯಾಗುತ್ತದಾ, ಲ್ಯಾಪ್‌ಟಾಪಿನ ಖಾನೆಗೆ ಮೆತ್ತೆ ಎರಡೂ ಬದಿಗೆ ಉಂಟಾ. ಆ ಖಾನೆಯನ್ನು ಅಂಗಡಿಯವರು ಎರಡು ಕೈಯಲ್ಲಿ ಅಗಲಿಸಿ ತೋರಿಸಿದರು. ಬೂದು ಬಣ್ಣದ ಮೃದುವಾದ ಒಳಗು. ಲ್ಯಾಪ್‌ಟಾಪು ಅಣ್ಣನ ಹಳೆಯದ್ದು, ಅದಕ್ಕೆ ಇಷ್ಟು ಮರ್ಯಾದೆ ಜೀವಮಾನದಲ್ಲಿ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡೆ.

ಕೊಡೆ, ಬಾಲ್ದಿ, ಚಾಪೆ, ಹೊದಿಕೆ, ಮಳೆಗಾಲದ ಚಪ್ಪಲಿ, ಇವೆಲ್ಲ ಅದೇ ದಿನ ಬಸ್‌ಸ್ಟ್ಯಾಂಡಿನ ಸುತ್ತ ಹತ್ತು ನಿಮಿಷದೊಳಗೆ ಆಗಿಹೋದವು. ತಿಂಡಿ ಅಮ್ಮನ ಖಾತೆ. ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ, ಒಂದು ಬಾಟ್ಲಿ ತೆಂಗಿನೆಣ್ಣೆ. ಅದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲ.

ಹಾಸ್ಟೆಲಾ ರೂಮಾ ಎಂಬ ಪ್ರಶ್ನೆಯನ್ನು ಪಟೇಲರು ಬಗೆಹರಿಸಿದರು.

ಪಟೇಲರು ನಮ್ಮ ಮನೆಯ ಬೆಕ್ಕು. ಜಗಲಿಯ ನಡುವಿನ ಕುರ್ಚಿ ಬಿಟ್ಟು ಬೇರೆ ಕಡೆ ಕೂತವರಲ್ಲ. ಅಡಿಕೆ ಸುಲಿಯಲಿಕ್ಕೆ ಬಂದವರನ್ನು ಅಲ್ಲಿಂದಲೇ ಅರೆಗಣ್ಣಿನಲ್ಲಿ ನೋಡುತ್ತಾ ಇರುತ್ತಾರೆ, ತಾವು ಮಾತ್ರ ಒಂದು ಇಲಿಯನ್ನೂ ಮುಟ್ಟುವುದಿಲ್ಲ. ಅದನ್ನು ನೋಡಿಯೇ ಅಜ್ಜ ಆ ಹೆಸರಿಟ್ಟದ್ದು. ಬಹುವಚನ ತಾನಾಗಿ ಬಂತು. ಡಿಗ್ರಿಯ ಮೂರೂ ವರ್ಷ ನಾನು ಓದಿದ ಪ್ರತಿ ಪುಟದ ಮೇಲೆ ಅವರು ಮಲಗಿದ್ದಾರೆ. ಹಳಗನ್ನಡದ ಮೇಲೆ ಹೆಚ್ಚು ಹೊತ್ತು.

"ಪಟೇಲ್ರನ್ನು ಕರ್ಕೊಂಡು ಹೋಗು. ಅಲ್ಲಿ ನಿನಗೆ ಯಾರುಂಟು?" ಎಂದದ್ದು ಅಮ್ಮ. ಬೆಕ್ಕು ಮನೆಗೆ ಸೇರಿದ್ದು, ಜನಕ್ಕೆ ಸೇರಿದ್ದಲ್ಲ, ನಾಲ್ಕು ದಿನದಲ್ಲಿ ನಡೆದು ವಾಪಸು ಬರ್ತದೆ ನೋಡು ಎಂದದ್ದು ಅಪ್ಪ. ಹಾಗಾದರೆ ಗೋಣಿಯಲ್ಲಿ ಹಾಕಿ ಮೂರು ಸುತ್ತು ತಿರುಗಿಸಿ ಒಯ್ಯಬೇಕು, ದಿಕ್ಕು ತಪ್ಪುತ್ತದೆ ಎಂದದ್ದು ಅಜ್ಜಿ. ಕೊಣಾಜೆಯಿಂದ ಕಾಣಿಯೂರಿಗೆ ದಾರಿ ಹುಡುಕಿಕೊಂಡು ಬರುವ ಬೆಕ್ಕಿದ್ದರೆ ಎಂ.ಎ. ಅದಕ್ಕೇ ಮಾಡಿಸುವುದು ಲಾಯ್ಕ ಎಂದು ನಾನು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಅಂತೂ ಬೆಕ್ಕನ್ನು ಹಾಸ್ಟೆಲಿಗೆ ಒಯ್ಯಲಿಕ್ಕಾಗುವುದಿಲ್ಲ, ಹಾಗಾಗಿ ರೂಮೇ ಎಂದಾಯಿತು.

ಈಗ ಬ್ಯಾಗಿನ ಪ್ರಶ್ನೆ ಹೊಸದಾಗಿ ಎದ್ದಿತು, ಪಟೇಲರಿಗೆ ಯಾವುದು ಎಂದು. ರಟ್ಟಿನ ಪೆಟ್ಟಿಗೆಯನ್ನು ಅವರು ಒಳಗಿನಿಂದ ಹರಿದರು. ಬುಟ್ಟಿಯ ಮುಚ್ಚಳವನ್ನು ತಲೆಯಿಂದ ಎತ್ತಿದರು. ಸೂಟ್‌ಕೇಸನ್ನು ಮೂಸಿ ನೋಡಿ, ಹೇಳಬಾರದ್ದನ್ನು ಮಾಡಿದರು. ಹೊರಡುವ ಹಿಂದಿನ ರಾತ್ರಿ ನೋಡುತ್ತೇನೆ, ಪಟೇಲರು ನನ್ನ ಹೊಸ ಬ್ಯಾಗಿನೊಳಗೆ, ಎರಡೂ ಬದಿ ಮೆತ್ತೆಯಿರುವ ಲ್ಯಾಪ್‌ಟಾಪಿನ ಖಾನೆಯನ್ನು ಒತ್ತಿ ಅಗಲ ಮಾಡಿಕೊಂಡು ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಅಲ್ಲಿಗೆ ತೀರ್ಮಾನವಾಯಿತು. ಲ್ಯಾಪ್‌ಟಾಪನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ ತಂಗೀಸು ಚೀಲದಲ್ಲಿ ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿಯ ನಡುವೆ ಇಟ್ಟೆ. ಇವತ್ತಿಗೂ ಅದರ ಕೀಲಿಮಣೆಯಿಂದ ಇಂಗಿನ ಪರಿಮಳ ಬರುತ್ತದೆ.

ಮರುದಿನ ಪುತ್ತೂರಿನಲ್ಲಿ ಮಂಗಳೂರಿನ ಸರಕಾರಿ ಬಸ್ಸು ಹತ್ತಿದೆ. ಮೆಲ್ಕಾರಿನಲ್ಲಿ ಇಳಿದು ಮುಡಿಪು ದಾರಿಯಾಗಿ ಕೊಣಾಜೆಗೆ ಹೋಗುವುದೆಂದು ಲೆಕ್ಕ. ಸೀಟು ಸಿಕ್ಕಿತು. ಸಾಮಾನು ಕಾಲಬುಡದಲ್ಲಿ, ಪಟೇಲರು ತೊಡೆಯ ಮೇಲೆ, ಝಿಪ್ಪು ಅರ್ಧ. ಪಕ್ಕದಲ್ಲಿ ಎಲೆ ಅಡಿಕೆ ಹಾಕಿದ ಒಬ್ಬ ಅಜ್ಜಿ. ಕಬಕ ದಾಟುವಾಗ ಅಮ್ಮನ ಫೋನು ಬಂತು. ಬಸ್ಸಿನ ಗದ್ದಲಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿರಬೇಕು.

"ಹ್ಞಾ, ಪಟೇಲ್ರು ಇದ್ದಾರೆ ಅಮ್ಮ. ಇಲ್ಲ, ಗಲಾಟೆ ಮಾಡ್ಲಿಲ್ಲ. ಮೂತ್ರ ಮಾಡ್ಲಿಲ್ಲ ಇನ್ನೂ. ಬೆಳಿಗ್ಗೆ ಅಪ್ಪ ಕುತ್ತಿಗೆ ಹಿಡಿದು ತುರುಕಿದ್ದರಲ್ಲ, ಆ ಸಿಟ್ಟು ಉಂಟು, ನನ್ನ ಮುಖ ನೋಡುವುದಿಲ್ಲ. ನೀರು ಕೊಟ್ಟರೆ ಕಚ್ಚಲಿಕ್ಕೆ ಬಂದ್ರು."

ಫೋನು ಇಟ್ಟೆ. ಬಸ್ಸು ನಿಶ್ಶಬ್ದವಾಗಿತ್ತು. ಮುಂದಿನ ಸೀಟಿನವರ ಕುತ್ತಿಗೆ ನನ್ನ ಕಡೆಗೆ ಕಾಲುಭಾಗ ತಿರುಗಿತ್ತು. ಅಜ್ಜಿ ಎಲೆಯ ರಸ ನುಂಗಿ, ಬಹಳ ಮೆತ್ತಗೆ ಕೇಳಿದರು.

"ದೇರಳಕಟ್ಟೆಗಾ ಮಗಾ?"

ಇದನ್ನು ಬೇರೆ ಊರಿನವರಿಗೆ ವಿವರಿಸಬೇಕು. ಪುತ್ತೂರು, ಸುಳ್ಯ, ಕಡಬದಿಂದ ಆ ದಿಕ್ಕಿಗೆ ಹೋಗುವವರಲ್ಲಿ ಓದಲಿಕ್ಕೆ ಹೋಗುವವರು ಬಿಟ್ಟರೆ ಉಳಿದವರೆಲ್ಲ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಿಗೆ ಹೋಗುವವರು. "ಅಲ್ಲೇ ಹತ್ತಿರ ಅಮ್ಮ, ಕೊಣಾಜೆಗೆ" ಎಂದೆ.

"ಅಡ್ಮಿಷನ್ ಆಯ್ತಾ?"

"ಆಯ್ತು. ಫೀಸು ಮೊದಲೇ ಕಟ್ಟಿ ಆಗಿದೆ."

"ಎನ್ನ ದೇವೆರೇ, ಈಗ ಮೊದಲೇ ಕಟ್ಟಬೇಕಾ? ಎಷ್ಟು ಸಮಯ ಇರ್ಬೇಕು ಅಂತ ಹೇಳಿದ್ದಾರೆ?"

"ಎರಡು ವರ್ಷ."

ಅಜ್ಜಿ ಎದೆಯ ಮೇಲೆ ಕೈಯಿಟ್ಟರು. ನಿಜ ಹೇಳುವುದಾದರೆ, ಅಜ್ಜಿ ಮಾತಾಡುತ್ತಿರುವುದು ನನ್ನ ಅಡ್ಮಿಷನಿನ ಬಗ್ಗೆ ಅಲ್ಲ ಎಂದು ನನಗೆ ಇಲ್ಲಿಗೇ ಗೊತ್ತಾಗಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಸಾಹಿತ್ಯದ ವಿದ್ಯಾರ್ಥಿನಿಗೆ ಇಂಥ ಸಂದರ್ಭ ದಿನಾ ಸಿಗುವುದಿಲ್ಲ.

"ಪ್ರಾಯ ಎಷ್ಟು ಪಟೇಲರಿಗೆ?"

"ಆರು."

"ಅರುವತ್ತಾ? ಛೆ ಛೆ, ಅದೆಂಥ ಪ್ರಾಯ. ಹೆಂಡತಿ ಇಲ್ವಾ ನೋಡಿಕೊಳ್ಳಲಿಕ್ಕೆ?"

"ಊರಿಡೀ ಇದ್ದಾರೆ ಅಮ್ಮ. ಒಬ್ಬಳೂ ನೋಡುವುದಿಲ್ಲ."

ಮುಂದಿನ ಸೀಟಿನ ಕುತ್ತಿಗೆ ಈಗ ಪೂರ್ತಿ ತಿರುಗಿತು. ಅಜ್ಜಿಯ ಮುಖದಲ್ಲಿ ಪಟೇಲರ ಮೇಲಿದ್ದ ಮರುಕ ಇಳಿದು, ಇಂಥವನಿಗೆ ಮೂತ್ರ ಕಟ್ಟಿದ್ದೇ ಸರಿ ಎಂಬ ನ್ಯಾಯಬುದ್ಧಿ ಮೂಡುವುದನ್ನು ನಾನು ಕಣ್ಣಾರೆ ಕಂಡೆ. "ಮಕ್ಕಳು?" ಎಂದರು ಸ್ವಲ್ಪ ಒರಟಾಗಿ. ಲೆಕ್ಕ ಇಟ್ಟವರಿಲ್ಲ ಎಂದೆ. "ನೀನು ಯಾರು ಅವನಿಗೆ?" ನೋಡಿ, ಏಕವಚನ ಬಂತು. ನಾನು ಸಾಕಿದವಳು ಎಂದೆ. ಅಜ್ಜಿಗೆ ಇದು ಎಲ್ಲಿಯೂ ಕೂರಲಿಲ್ಲ. ಇಪ್ಪತ್ತೆರಡರ ಹುಡುಗಿ ಅರುವತ್ತರ ಲಂಪಟನನ್ನು ಸಾಕುವುದು ಹೇಗೆ? "ಈಗ ಎಲ್ಲಿದ್ದಾನೆ? ಆ್ಯಂಬುಲೆನ್ಸಲ್ಲಾ?"

"ಇಲ್ಲ, ಈ ಬ್ಯಾಗಿನಲ್ಲಿ."

ಅಜ್ಜಿ ಬ್ಯಾಗನ್ನು ನೋಡಿದರು. ನನ್ನನ್ನು ನೋಡಿದರು. ಅಷ್ಟರಲ್ಲಿ ಬಸ್ಸು ಕಲ್ಲಡ್ಕದಲ್ಲಿ ನಿಂತಿತು. 2024ರಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ನಿಂತಿತು ಎಂದರೆ ಸಾಕು. ಹೆದ್ದಾರಿ ಅಗಲ ಮಾಡಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ, ಇಳಿದು ಕಲ್ಲಡ್ಕದ ಕೆ.ಟಿ. ಚಹಾ ಕುಡಿದು ಬಂದರೂ ಬಸ್ಸು ಅಲ್ಲೇ ಇರುತ್ತಿತ್ತು. ಇಂಜಿನಿನ ಸದ್ದು ಅಡಗಿದ ಆ ಮೌನದಲ್ಲಿ, ಬ್ಯಾಗಿನೊಳಗಿನಿಂದ ಪಟೇಲರು ಬಹಳ ದೀರ್ಘವಾಗಿ, ಆಲಾಪದ ಧಾಟಿಯಲ್ಲಿ, ಕೂಗಿದರು. ಆಮೇಲೆ ಝಿಪ್ಪಿನ ನಡುವಿನಿಂದ ಒಂದು ಕಿವಿ, ಒಂದು ಕಣ್ಣು, ಕೊನೆಗೆ ಇಡೀ ತಲೆ.

"ಪುಚ್ಚೆ!" ಎಂದರು ಅಜ್ಜಿ. ಬಯ್ಯುತ್ತಾರೆ ಅಂದುಕೊಂಡೆ. ಸೆರಗು ಬಾಯಿಗೆ ಒತ್ತಿ ನಗಲಿಕ್ಕೆ ಶುರುಮಾಡಿದವರಿಗೆ ಮೆಲ್ಕಾರಿನವರೆಗೂ ನಗೆ ನಿಲ್ಲಲಿಲ್ಲ. ನಡುನಡುವೆ "ಊರಿಡೀ ಇದ್ದಾರಂತೆ" ಎಂದು ಹಿಂದಿನವರಿಗೆ ವರದಿ ಒಪ್ಪಿಸುತ್ತಿದ್ದರು.

ನಗೆಗೆ ನಿರ್ವಾಹಕರು ಬಂದರು. ನನ್ನ ಆಧಾರ್ ಕಾರ್ಡು ಆಗಲೇ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟಿದ್ದರು. 2023ರ ಜೂನ್ 11ರಿಂದ ನಾವು ಹೆಂಗಸರು ಸರಕಾರಿ ಬಸ್ಸಿನಲ್ಲಿ ಹಾಗೆ ಹೋಗುವವರು. ಸಾಮಾನೂ 30 ಕಿಲೋವರೆಗೆ ಫ್ರೀ. "ಆದರೆ ಬೆಕ್ಕಿಗೆ ಅರ್ಧ ಟಿಕೆಟ್ ಅಕ್ಕ" ಎಂದರು. ಅವರದ್ದು ತಪ್ಪಿಲ್ಲ, ನಿಯಮವೇ ಹಾಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿಗೂ ಮೊಮ್ಮಗಳಿಗೂ ಪ್ರಯಾಣ ಉಚಿತ, ಅವರ ಪಂಜರದ ನಾಲ್ಕು ಲವ್‌ಬರ್ಡ್‌ಗಳಿಗೆ ಮಾತ್ರ ತಲಾ 111ರಂತೆ 444 ರೂಪಾಯಿ ಟಿಕೆಟ್ ಆದದ್ದು ಎಲ್ಲರ ಮೊಬೈಲಿಗೂ ಬಂದಿತ್ತು. ಇಡೀ ಬಸ್ಸಿಗೆ ಅದು ನೆನಪಾಯಿತು, ಬಸ್ಸಿಗೆ ಬೇರೆ ಕೆಲಸವೂ ಇರಲಿಲ್ಲ.

"ಹೆಣ್ಣು ಬೆಕ್ಕಾಗಿದ್ದರೆ ಫ್ರೀಯಾ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

"ಆಧಾರ್ ಇರಬೇಕು ಮಾರಾಯ್ರೆ."

"ಕರ್ನಾಟಕದ ವಿಳಾಸ ಇರಬೇಕು" ಎಂದು ಇನ್ನೊಬ್ಬರು ತಿದ್ದಿದರು. "ಪುಚ್ಚೆ ಕಾಸರಗೋಡಿನದ್ದಾದರೆ ಆಗುವುದಿಲ್ಲ."

ಪಟೇಲರ ಪ್ರಾಯ ಆರು ತುಂಬಿದೆಯಾ, ತುಂಬದಿದ್ದರೆ ಮಕ್ಕಳ ಲೆಕ್ಕದಲ್ಲಿ ಬಿಡಲಿಕ್ಕಾಗುತ್ತದಾ ಎಂಬ ಉಪಚರ್ಚೆಯೂ ನಡೆಯಿತು. ಎಲ್ಲ ಲಾಯ್ಕಲ್ಲೇ ಇತ್ತು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮಹನೀಯರು ಮಾತ್ರ, "ಹೆಂಗಸರಿಗೆ ಫ್ರೀ ಮಾಡಿ ಗಂಡಸರಿಗೆ ನಿಲ್ಲಲಿಕ್ಕೂ ಜಾಗ ಇಲ್ಲ, ಈಗ ಬೆಕ್ಕು ಬೇರೆ" ಎಂದರು. ಕೂತುಕೊಂಡೇ ಹೇಳಿದರು. ಇಡೀ ಬಸ್ಸಿನಲ್ಲಿ ಅವತ್ತು ದುಡ್ಡು ಕೊಟ್ಟು ಹೆಚ್ಚು ಕಷ್ಟಪಟ್ಟ ಗಂಡಸೆಂದರೆ ನಮ್ಮ ಪಟೇಲರೇ, ಅವರೇ ಸುಮ್ಮನಿದ್ದರು. ನನಗೆ ಬಂದ ಉತ್ತರಗಳೆಲ್ಲ ಮೆಲ್ಕಾರಿನಲ್ಲಿ ಇಳಿದ ಮೇಲೆ ಬಂದವು.

ಟಿಕೆಟ್ ಹರಿದು ಕೈಗೆ ಬಂತು. ಮಕ್ಕಳ ಟಿಕೆಟ್ ಒಂದು. ಅಜ್ಜಿ ಅದನ್ನು ತೆಗೆದುಕೊಂಡು ಪಟೇಲರ ಮೂಗಿನ ಮುಂದೆ ಹಿಡಿದು ತೋರಿಸಿದರು. ಆಮೇಲೆ, ಮಾತು ಮುಂದುವರಿಸಲಿಕ್ಕೆಂದು, "ಮನೆಯಲ್ಲಿ ದನ ಉಂಟಾ?" ಎಂದು ಕೇಳಿದರು.

"ಇತ್ತು."

ಅಷ್ಟಕ್ಕೇ ಅಜ್ಜಿಗೆ ಗೊತ್ತಾಯಿತು. ನಮ್ಮ ಕಡೆ ಈಗ ಈ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ ಅದೇ. ಹುಲ್ಲು ತರುತ್ತಿದ್ದದ್ದು, ಹಾಲು ಕರೆಯುತ್ತಿದ್ದದ್ದು ನಾನು. ಅಮ್ಮನ ಮಂಡಿ ಬಗ್ಗುವುದಿಲ್ಲ, ಅಪ್ಪನಿಗೆ ತೋಟದ್ದೇ ಮುಗಿಯುವುದಿಲ್ಲ, ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಮದ್ದಿನ ಖರ್ಚಿಗೆ ಫಸಲಿನ ಲೆಕ್ಕ ತಾಳೆಯಾಗುವುದಿಲ್ಲ. ನನಗೆ ಸೀಟು ಸಿಕ್ಕಿದ ವಾರವೇ ಗೌರಿಯನ್ನು ಕೊಟ್ಟದ್ದು. ಬ್ಯಾಗಿಗೆ ಅರ್ಧ ಮಳೆಗಾಲ ಯೋಚಿಸಿದ, ಬೆಕ್ಕಿಗೆ ಮೂರು ತಲೆಮಾರು ಒಟ್ಟಿಗೆ ಕೂತು ಚರ್ಚಿಸಿದ ನಮ್ಮ ಮನೆಯಲ್ಲಿ ಗೌರಿಯ ಬಗ್ಗೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಸಂಜೆ ನಾನು ಹಟ್ಟಿಗೆ ಹೋಗುವಾಗ ಅಪ್ಪ ಮೊದಲೇ ತೊಳೆದು ಬಿಟ್ಟಿದ್ದರು. ಫೀಸು ಕಟ್ಟಿದ ದುಡ್ಡು ಯಾವುದು ಎಂದು ನಾನೂ ಕೇಳಲಿಲ್ಲ.

"ಒಳ್ಳೆಯ ಮನೆಗೆ ಹೋಗಿರ್ತದೆ" ಎಂದರು ಅಜ್ಜಿ. ಹೌದು ಎಂದೆ. ಬಸ್ಸು ಹೊರಟಿತು. ಇಳಿಯುವಾಗ ಅಜ್ಜಿ ನನ್ನ ತಂಗೀಸು ಚೀಲ ಕೆಳಗೆ ಕೊಟ್ಟು, "ಪಟೇಲ, ಜಾಗ್ರತೆ, ಅಲ್ಲಿಯೂ ಊರಿಡೀ ಮಾಡಬೇಡ" ಎಂದರು.

ಕೊಣಾಜೆಯ ರೂಮಿನ ಓನರ್ ಆಂಟಿಯ ಷರತ್ತು ಫೋನಿನಲ್ಲೇ ಆಗಿತ್ತು: ಗಂಡಸರು ಬರಬಾರದು. ಬೆಕ್ಕಿನ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನು ಬಂತು. ಕಿಟಕಿ ತೆರೆದಿತ್ತು. "ಹ್ಞೂ, ಮಲಗಿದ್ದಾರೆ. ನನ್ನ ಹಾಸಿಗೆಯಲ್ಲೇ" ಎಂದದ್ದು ನೆನಪುಂಟು. "ಪಟೇಲ್ರಿಗೆ ಒಬ್ಬರಿಗೇ ಮಲಗಿ ಅಭ್ಯಾಸ ಇಲ್ಲವಲ್ಲ" ಎಂದೂ ಹೇಳಿರಬೇಕು.

ಬಾಗಿಲು ಬಡಿದರು. ತೆರೆದರೆ ಆಂಟಿ, ಕೈಯಲ್ಲಿ ಟಾರ್ಚು. ಹಿಂದೆ ಅಂಕಲ್, ಕೈಯಲ್ಲಿ ಹಿಡಿಸೂಡಿ. "ಅವನನ್ನು ಹೊರಗೆ ಕರಿ" ಎಂದರು ಆಂಟಿ. ನಾನು ಪಟೇಲರನ್ನು ಎರಡು ಕೈಯಲ್ಲಿ ಎತ್ತಿ ತಂದು ನಿಲ್ಲಿಸಿದೆ. ಟಾರ್ಚಿನ ಬೆಳಕು ಅವರ ಮುಖದ ಮೇಲೆ ಬಿತ್ತು. ಅಂಕಲ್ ಹಿಡಿಸೂಡಿಯನ್ನು ಬೆನ್ನ ಹಿಂದೆ ಸರಿಸಿದರು. ಆಂಟಿ ಸುಲಭಕ್ಕೆ ಸೋಲುವವರಲ್ಲ.

"ಗಂಡಾ ಹೆಣ್ಣಾ?"

"ಗಂಡು."

"ಮತ್ತೆ? ನಾನು ಗಂಡಸರು ಬೇಡ ಅಂತ ಮೊದಲೇ ಹೇಳಿದ್ದೆ."

ತರ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಅದರ ಪ್ರಕಾರ ಪಟೇಲರು ಅವತ್ತೇ ನನ್ನ ರೂಮು ಖಾಲಿ ಮಾಡಿ ಆಂಟಿಯ ಮನೆಯ ಹಿಂದಿನ ಚಾವಡಿಗೆ ಹೋದರು. ನಮ್ಮದು ಮೀನು ಒಳಗೆ ಬಾರದ ಮನೆ, ಆಂಟಿಯದ್ದು ಮೀನಿಲ್ಲದೆ ಅನ್ನ ಇಳಿಯದ ಮನೆ. ಮರುದಿನ ಮೊದಲ ಕ್ಲಾಸು ಮುಗಿಸಿ ಬರುವಾಗ ಗೇಟಿನ ಹತ್ತಿರ ಮೀನಿನವನ ಬೈಕು ನಿಂತಿತ್ತು, ಆಂಟಿ ಬುಟ್ಟಿಗೆ ಬಗ್ಗಿದ್ದರು, ಅವರ ಕಾಲಿಗೆ ಪಟೇಲರು ಮೈ ಉಜ್ಜುತ್ತಿದ್ದರು.

"ಹೇ, ನಿನ್ನ ಪಟೇಲ್ರಿಗೆ ಬೂತಾಯಿ ಆಗ್ತದಾ?" ಎಂದು ಆಂಟಿ ಅಲ್ಲಿಂದಲೇ ಕೂಗಿದರು. "ಇವತ್ತು ಬಂಗುಡೆ ಬಹಳ ಕ್ರಯ ಮಾರಾಯ್ತಿ."

ಅದೇ ಹೊತ್ತಿಗೆ ಅಮ್ಮನ ಫೋನು. ಕ್ಲಾಸು ಹೇಗಾಯಿತು, ಮೇಷ್ಟ್ರು ಯಾರು, ಊಟ ಆಯ್ತಾ ಎಂದೆಲ್ಲ ಇಲ್ಲ. "ಪಟೇಲ್ರು ಎಂತ ತಿಂದ್ರು?"

"ಮಜ್ಜಿಗೆ ಅನ್ನ" ಎಂದೆ.